ಮನೆಯ ಸ್ಯಾಂಡ್‌ಬ್ಲಾಸ್ಟಿಂಗ್ ಪೆಟ್ಟಿಗೆಗೆ ಹೊಳೆ ಮರಳು ಸಾಕೇ? ಬೆಲ್ಲ ತಿಂದರೆ ಧೂಳು ಹೋಗುತ್ತದೆಯೇ?

ಹಳೆಯ ಎಣ್ಣೆ ಡ್ರಮ್ಮು ಅಥವಾ ಪ್ಲೈವುಡ್ ಪೆಟ್ಟಿಗೆ, ಎರಡು ಉದ್ದನೆಯ ರಬ್ಬರ್ ಗ್ಲೌಸು, ಒಂದು ಗಾಜಿನ ಕಿಟಕಿ, ಒಂದು ಕಂಪ್ರೆಸರ್. ಇಷ್ಟಿದ್ದರೆ ತುಕ್ಕು ಹಿಡಿದ ಬೈಕ್ ಭಾಗಗಳನ್ನು ಮನೆಯಲ್ಲೇ ಹೊಸದರಂತೆ ಮಾಡಬಹುದು ಎನ್ನುವ ವಿಡಿಯೋಗಳು ಫಾರ್ವರ್ಡ್ ಆಗುತ್ತಲೇ ಇರುತ್ತವೆ. ಚಿತ್ರದುರ್ಗ, ಹಿರಿಯೂರಿನ ಹೆದ್ದಾರಿ ಬದಿಯ ಗ್ಯಾರೇಜಿಗೂ ಹೊಸದುರ್ಗ, ಹೊಳಲ್ಕೆರೆಯ ವೆಲ್ಡಿಂಗ್ ಶೆಡ್ಡಿಗೂ ಇದು ಉಪಯೋಗಕ್ಕೆ ಬರುವ ಕೆಲಸವೇ. ಪೆಟ್ಟಿಗೆ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಅದರ ಜೊತೆ ಮೂರು ಮಾತು ಬರುತ್ತವೆ: ಜರಡಿ ಹಿಡಿದ ಹೊಳೆ ಮರಳು ಸಾಕು, ಪೆಟ್ಟಿಗೆ ಮುಚ್ಚಿದ್ದರೆ ಧೂಳು ಹೊರಗೆ ಬರುವುದಿಲ್ಲ, ಬಂದರೂ ಒಂದು ತುಂಡು ಬೆಲ್ಲ ತಿಂದರೆ ಹೋಗುತ್ತದೆ. ನಾವು ಪರಿಶೀಲಿಸಿದಂತೆ ಮೂರೂ ನಂಬುವಂಥವಲ್ಲ.

ಮರಳಿನಲ್ಲಿ ಏನಿದೆ?

ವೇದಾವತಿಯ ಮರಳಾಗಲಿ, ಕ್ರಷರ್‌ನಿಂದ ಬರುವ ಎಂ-ಸ್ಯಾಂಡ್ ಆಗಲಿ, ಎರಡರಲ್ಲೂ ಬೆಣಚುಕಲ್ಲಿನ ಅಂಶ, ಅಂದರೆ ಹರಳು ರೂಪದ ಸಿಲಿಕಾ ಇದೆ. ರಾಶಿ ಹಾಕಿದ ಮರಳಿನ ಪಕ್ಕ ನಿಂತರೆ ಅಪಾಯವಿಲ್ಲ. ಕಂಪ್ರೆಸರ್ ಒತ್ತಡದಲ್ಲಿ ಕಬ್ಬಿಣಕ್ಕೆ ಬಡಿದಾಗ ಮಾತ್ರ ಕಾಳು ಒಡೆದು, ಕಣ್ಣಿಗೆ ಕಾಣದ ಪುಡಿಯಾಗುತ್ತದೆ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ತಳ ಮುಟ್ಟುವ ಧೂಳು 4-5 ಮೈಕ್ರಾನಿಗಿಂತ ಚಿಕ್ಕದು. ಅದನ್ನು ನುಂಗಲು ಹೋದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ, ಆ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ.

ಇದು ಎಲ್ಲೋ ದೂರದ ಕಾಯಿಲೆಯಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ಪರೀಕ್ಷೆಗೆ ಒಳಗಾದ 7,653 ಕಾರ್ಮಿಕರಲ್ಲಿ ಶೇ 40ಕ್ಕೂ ಹೆಚ್ಚು ಮಂದಿಗೆ ಅದು ಇತ್ತು. ಗಣಿಯಲ್ಲಿ ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುವ ರೋಗ ಮರಳು ಚಿಮ್ಮಿಸುವವರಿಗೆ ಕೆಲವೇ ವರ್ಷಗಳಲ್ಲಿ, ಧೂಳು ವಿಪರೀತವಾದರೆ ತಿಂಗಳುಗಳಲ್ಲೇ ಬರಬಹುದು. ಟರ್ಕಿಯಲ್ಲಿ ಜೀನ್ಸ್ ಬಟ್ಟೆಗೆ ಮರಳು ಹೊಡೆದು ಮಾಸಿದ ಬಣ್ಣ ಕೊಡುತ್ತಿದ್ದ ಯುವಕರು ಹೀಗೆ ಸತ್ತ ಮೇಲೆ 2009ರಲ್ಲಿ ಆ ಕೆಲಸವನ್ನೇ ನಿಷೇಧಿಸಲಾಯಿತು. ಬ್ರಿಟನ್ ಕಾರ್ಖಾನೆಗಳಲ್ಲಿ ಇದಕ್ಕೆ ಮರಳು ಬಳಸುವುದನ್ನು 1949ರ ನಿಯಮಗಳಲ್ಲೇ ನಿಲ್ಲಿಸಿತ್ತು. ಮನೆಯ ಶೆಡ್ಡಿಗೆ ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ, ಅಷ್ಟೇ.

ಬದಲಿಗೆ ಗಾರ್ನೆಟ್, ಅಲ್ಯೂಮಿನಿಯಂ ಆಕ್ಸೈಡ್, ಸ್ಟೀಲ್ ಗ್ರಿಟ್ ಅಥವಾ ಗಾಜಿನ ಮಣಿ ಬಳಸಿ. ‘ಗಾಜೂ ಮರಳಿನಿಂದಲೇ ಆದದ್ದಲ್ಲವೇ?’ ಎಂದು ಕೇಳಬಹುದು. ಹೌದು, ಆದರೆ ಕರಗಿ ತಣ್ಣಗಾದ ಗಾಜಿನಲ್ಲಿ ಆ ಹರಳು ರಚನೆ ಉಳಿದಿರುವುದಿಲ್ಲ. ಇವು ದುಬಾರಿ ನಿಜ. ಆದರೆ ಮರಳಿನಂತೆ ಒಂದೇ ಸಲಕ್ಕೆ ಪುಡಿಯಾಗದ ಕಾರಣ ಜರಡಿ ಹಿಡಿದು ಮತ್ತೆ ಮತ್ತೆ ಬಳಸಬಹುದು.

ಮುಚ್ಚಿದ ಪೆಟ್ಟಿಗೆ ಯಾಕೆ ಸೋರುತ್ತದೆ?

ಗನ್ ಒತ್ತಿದಷ್ಟೂ ಪೆಟ್ಟಿಗೆಯೊಳಗೆ ಗಾಳಿ ತುಂಬುತ್ತದೆ. ಆ ಗಾಳಿ ಎಲ್ಲಾದರೂ ಹೊರಬರಲೇಬೇಕು. ಬಾಗಿಲ ಸಂದಿಯಿಂದ, ಗ್ಲೌಸಿನ ಬುಡದಿಂದ ಧೂಳನ್ನು ಹೊತ್ತುಕೊಂಡೇ ಬರುತ್ತದೆ. ಫೋಮ್ ಪಟ್ಟಿ, ಸಿಲಿಕೋನ್ ಹಚ್ಚಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಗನ್ ಒಳಕ್ಕೆ ಬಿಡುವುದಕ್ಕಿಂತ ಹೆಚ್ಚು ಗಾಳಿಯನ್ನು ಹೊರಕ್ಕೆ ಎಳೆಯಬೇಕು. ಆಗ ಸಂದಿಗಳಲ್ಲಿ ಗಾಳಿ ಒಳಕ್ಕೇ ಹೋಗುತ್ತದೆ.

ಇದಕ್ಕೆ ಪೆಟ್ಟಿಗೆಯ ಒಂದು ಬದಿಯ ಮೇಲ್ಭಾಗದಲ್ಲಿ ವ್ಯಾಕ್ಯೂಮ್ ಕ್ಲೀನರ್ ಪೈಪು ಜೋಡಿಸಿ. ಅದರ ಮುಂದೆ ಒಂದು ತಗಡನ್ನು ಅಡ್ಡ ಕೊಟ್ಟರೆ ಒಳ್ಳೆಯ ಗ್ರಿಟ್ ಎಳೆದುಕೊಂಡು ಹೋಗುವುದಿಲ್ಲ. ಎದುರು ಬದಿಯಲ್ಲಿ ಗಾಳಿ ಒಳಬರಲು ಒಂದು ಕಿಂಡಿ ಬೇಕು, ಅದಕ್ಕೂ ತಗಡಿನ ಮರೆ ಇರಲಿ. ಕಿಂಡಿ ಇಲ್ಲದಿದ್ದರೆ ಗ್ಲೌಸು ಒಳಕ್ಕೆ ಉಬ್ಬಿ ಬೆರಳು ಆಡಿಸುವುದೇ ಕಷ್ಟ. ವ್ಯಾಕ್ಯೂಮಿಗೂ ಪೆಟ್ಟಿಗೆಗೂ ನಡುವೆ ಮುಚ್ಚಳವಿರುವ ಡ್ರಮ್ಮಿನ ಮೇಲೆ ಸೈಕ್ಲೋನ್ ಇಟ್ಟರೆ ದಪ್ಪ ಧೂಳು ಸುತ್ತಿ ಸುತ್ತಿ ಅಲ್ಲೇ ಬೀಳುತ್ತದೆ. ಕೊನೆಯ ಫಿಲ್ಟರ್ ಮಾತ್ರ ಹೆಪಾ ಆಗಿರಲೇಬೇಕು. ಸಾಮಾನ್ಯ ಬಟ್ಟೆ ಚೀಲ ದಪ್ಪ ಧೂಳನ್ನು ಹಿಡಿದು, ಅಪಾಯಕಾರಿ ಸಣ್ಣ ಧೂಳನ್ನು ಕೋಣೆಗೇ ಊದುತ್ತದೆ. ಪ್ಲಾಸ್ಟಿಕ್ ಪೈಪಿನಲ್ಲಿ ಧೂಳು ಓಡುವಾಗ ಸ್ಥಿರ ವಿದ್ಯುತ್ ಹುಟ್ಟಿ ಚುರುಕ್ ಎನ್ನುತ್ತದೆ. ಒಳಗೊಂದು ತಾಮ್ರದ ತಂತಿ ಎಳೆದು ಅರ್ಥ್ ಮಾಡಿ.

ಎಲ್ಲ ಸರಿಯಿದೆಯೇ ಎಂದು ನೋಡಲು ಒಂದು ಊದುಬತ್ತಿ ಸಾಕು. ವ್ಯಾಕ್ಯೂಮ್ ಹಾಕಿ, ಖಾಲಿ ಗನ್ ಒತ್ತುತ್ತಾ ಬಾಗಿಲ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಒಳಕ್ಕೆ ಹೋದರೆ ಸರಿ, ಹೊರಕ್ಕೆ ತಳ್ಳಿದರೆ ಎಳೆತ ಸಾಲದು. ಕೆಲಸ ಮುಗಿದ ತಕ್ಷಣ ಬಾಗಿಲು ತೆರೆಯಬೇಡಿ. ಒಳಗಿನ ಮಬ್ಬು ಪೂರ್ತಿ ಹೋಗುವವರೆಗೆ ವ್ಯಾಕ್ಯೂಮ್ ಓಡಲಿ. ಪೈಪನ್ನು ಸುಮ್ಮನೆ ಹೊರಗೆ ಬಿಟ್ಟರಾಯಿತು ಎನ್ನುವವರಿಗೆ: ಜೋಗಿಮಟ್ಟಿ ಕಡೆಯಿಂದ ಬೀಸುವ ಗಾಳಿಗೆ ಅದು ಪಕ್ಕದ ಮನೆಯ ತಾರಸಿ ಸೇರುತ್ತದೆ.

ಪೆಟ್ಟಿಗೆ ಖಾಲಿ ಮಾಡುವಾಗಲೇ ಹೆಚ್ಚು ಧೂಳು ಏಳುವುದು. ಆಗ ಕರ್ಚೀಫು, ಒದ್ದೆ ಟವೆಲ್ಲು ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಆದರೂ ಬೇಕು, ಗಡ್ಡವಿದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೈಮೇಲಿನ ಧೂಳನ್ನು ಕಂಪ್ರೆಸರ್‌ನಿಂದ ಊದಿಕೊಳ್ಳುವ ಚಟ ಬಿಡಿ. ಹಳೆಯ ಗೇಟು, ಟ್ರಾಕ್ಟರ್ ಭಾಗಗಳ ಬಣ್ಣದಲ್ಲಿ ಸೀಸ ಇರಬಹುದು. ಅಂಥದ್ದಕ್ಕೆ ಮರಳಲ್ಲದ ಗ್ರಿಟ್ ಬಳಸಿದರೂ ಧೂಳು ವಿಷವೇ.

ಇನ್ನು ಬೆಲ್ಲ

ಈ ನಂಬಿಕೆಯ ಹಿಂದೆ ಒಂದು ಸಂಶೋಧನೆ ಇದೆ. 1994ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಧೂಳು ಕೊಟ್ಟ ಇಲಿಗಳಿಗೆ ಬೆಲ್ಲ ತಿನ್ನಿಸಿದಾಗ ಶ್ವಾಸಕೋಶದ ಹಾನಿ ಕಡಿಮೆ ಕಂಡಿತ್ತು. ಅದು ಇಲಿಗಳ ಮಾತು. ನಾವು ತಿಂದ ಬೆಲ್ಲ ಅನ್ನನಾಳದಲ್ಲಿ ಹೋಗುತ್ತದೆ, ಧೂಳು ಇರುವುದು ಶ್ವಾಸಕೋಶದಲ್ಲಿ. ಗಂಟಲಿಗೆ ಹಿತವೆನಿಸಿದರೆ ತಿನ್ನಿ, ಮಾಸ್ಕ್ ಬದಲಿಗೆ ಅಲ್ಲ.

ಈಗಾಗಲೇ ಕೆಲವು ತಿಂಗಳು ಮರಳು ಹೊಡೆದವರಿಗೆ ಒಣ ಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಇದ್ದರೆ ಎದೆಯ ಎಕ್ಸ್‌ರೇ ಮಾಡಿಸಿ. ಸಿಲಿಕೋಸಿಸ್ ಎಕ್ಸ್‌ರೇಯಲ್ಲಿ ಕ್ಷಯದಂತೆ ಕಾಣಬಹುದು, ಅದು ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ವೈದ್ಯರು ಕೇಳದಿದ್ದರೂ ಏನು ಕೆಲಸ ಮಾಡುತ್ತೀರಿ, ಯಾವ ಮರಳು ಬಳಸಿದಿರಿ, ಎಷ್ಟು ದಿನ ಎಂಬುದನ್ನು ನೀವೇ ಹೇಳಿ.