ಉರಿಸದ ದೀಪಕ್ಕೂ ಲೆಕ್ಕ

ತಿಂಗಳಿಡೀ ಮನೆಗೆ ಬೀಗ ಹಾಕಿದ್ದರೂ ವಿದ್ಯುತ್ ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಎಂಬ ಸಾಲು ತಪ್ಪುವುದಿಲ್ಲ. ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ಇಷ್ಟು ಎಂದು ಅದನ್ನು ಲೆಕ್ಕ ಹಾಕುತ್ತಾರೆ. ಉರಿಸದ ದೀಪಕ್ಕೆ ಹಣವೇಕೆ ಎಂಬ ಪ್ರಶ್ನೆ ಸಹಜ. ಇದರ ಉತ್ತರ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದೆ.

ವಿದ್ಯುತ್ತನ್ನು ಭತ್ತದಂತೆ ಕಣಜದಲ್ಲಿ ತುಂಬಿಡುವುದು ಸುಲಭವಲ್ಲ. ಗ್ರಾಹಕ ಸ್ವಿಚ್ಚು ಒತ್ತಿದ ಕ್ಷಣದಲ್ಲೇ ಒದಗಿಸಬೇಕು. ಸಂಜೆ ಎಲ್ಲ ಮನೆಗಳೂ ಒಮ್ಮೆಗೇ ದೀಪ ಹಚ್ಚಿದರೂ ಸಾಲುವಷ್ಟು ಯಂತ್ರ, ಕಂಬ, ತಂತಿ ಸಿದ್ಧವಿರಬೇಕು. ಉಳಿದ ಹೊತ್ತು ಅವು ಸುಮ್ಮನಿದ್ದರೂ ಹೂಡಿದ ಬಂಡವಾಳದ ಬಡ್ಡಿ ಸುಮ್ಮನಿರದು. ಸಿದ್ಧವಾಗಿರುವ ವೆಚ್ಚ ಬೇರೆ, ಬಳಸಿದ ಯೂನಿಟ್ಟಿನ ವೆಚ್ಚ ಬೇರೆ. ಆದ್ದರಿಂದ ದರವೂ ಎರಡು ಭಾಗವಾಗಿರಬೇಕು ಎಂದು 1892ರಲ್ಲಿ ವಾದಿಸಿದವರು ಎಂಜಿನಿಯರ್ ಜಾನ್ ಹಾಪ್‌ಕಿನ್ಸನ್. ಬ್ರೈಟನ್ ನಗರದ ಆರ್ಥರ್ ರೈಟ್, ಗ್ರಾಹಕನ ಗರಿಷ್ಠ ಬೇಡಿಕೆಯನ್ನು ಅಳೆಯುವ ಮೀಟರನ್ನು ರೂಪಿಸಿದರು.

ಮೈಸೂರು ಸಂಸ್ಥಾನದ ಅನುಭವವೂ ಇದಕ್ಕೆ ಹೊಂದುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಗಣಿಯ ಯಂತ್ರಗಳಿಗೆ ಹಗಲಿರುಳೆಂಬ ಭೇದವಿಲ್ಲ. ಹೂಡಿದ ಬಂಡವಾಳಕ್ಕೆ ಪೂರ್ತಿ ಕೆಲಸ. ಗಣಿಗಳೊಂದಿಗಿನ ಒಪ್ಪಂದದ ದರವೂ ವರ್ಷಕ್ಕೆ ಒಂದು ಅಶ್ವಶಕ್ತಿಗೆ ಇಷ್ಟೆಂದು ಇತ್ತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ.

ಸಾಮಾನ್ಯರ ಮನೆಗೂ ದೀಪ ತಲುಪಿದ ಮೇಲೆ ಈ ಲೆಕ್ಕಕ್ಕೆ ನ್ಯಾಯದ ಪ್ರಶ್ನೆ ಸೇರಿತು. ಕಡಿಮೆ ಬಳಸುವವರಿಗೆ ಕಡಿಮೆ ದರ, ಹೆಚ್ಚು ಬಳಸಿದಂತೆ ಹೆಚ್ಚು ದರ ಎಂಬ ಹಂತಗಳು ಬಂದವು. ಮನೆಗಳಿಗೆ ಬಿಟ್ಟುಕೊಟ್ಟ ಹಣದ ಒಂದು ಪಾಲು ಕಾರ್ಖಾನೆ, ಅಂಗಡಿಗಳ ದರದೊಳಗೆ ಸೇರಿತು. 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸಿ ದರ ನಿಗದಿ ಮಾಡುತ್ತದೆ. ಅದರ ಮುಂದಿರುವ ಲೆಕ್ಕದಲ್ಲಿ ವಿದ್ಯುತ್ ಖರೀದಿಯದೇ ಸಿಂಹಪಾಲು. ಸಾಗಣೆ, ಸೋರಿಕೆ, ಸಂಬಳ, ಬಡ್ಡಿ ಅದರ ಹಿಂದೆ. ಖರೀದಿಯಲ್ಲೂ ಎರಡು ಭಾಗವಿದೆ: ಕಲ್ಲಿದ್ದಲಿನ ಬೆಲೆ ಒಂದು, ಸ್ಥಾವರ ಸಿದ್ಧವಾಗಿದ್ದುದಕ್ಕೆ ತೆರುವ ಹಣ ಇನ್ನೊಂದು.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗಿನ ಅರ್ಹ ಮನೆಗಳ ಬಿಲ್ಲನ್ನು ಸರ್ಕಾರದ ಖಾತೆಗೆ ವರ್ಗಾಯಿಸಿತು. 2024ರಲ್ಲಿ ಆಯೋಗವು ಗೃಹಬಳಕೆಯ ಹಂತಗಳನ್ನು ತೆಗೆದು ಒಂದೇ ದರ ಮಾಡಿತು. ಕಟ್ಟುವ ಕೈ ಬದಲಾಯಿತೇ ಹೊರತು ವೆಚ್ಚ ಮಾಯವಾಗಲಿಲ್ಲ.

ಈಗ ತಾರಸಿಯ ಸೌರಫಲಕಗಳು ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿವೆ. ಹಗಲಿಗೆ ಸೂರ್ಯನಿದ್ದಾನೆ. ಹೊತ್ತು ಮುಳುಗಿದ ಮೇಲೆ ಆ ಮನೆಯೂ ಊರಿನ ತಂತಿಯನ್ನೇ ನೆಚ್ಚುತ್ತದೆ. ಹಗಲು ವಿದ್ಯುತ್ ಕೊಳ್ಳದವರ ಸಂಜೆಗಾಗಿ ಕಾದಿರುವ ಯಂತ್ರದ ಖರ್ಚನ್ನು ಯಾರು ಹೊರಬೇಕು? ಅದು ಹಂಚಿಕೆಯಾಗದಿದ್ದರೆ, ಸೌರಫಲಕ ಕೊಳ್ಳಲಾರದ ಮನೆಯ ಬಿಲ್ಲಿಗೇ ಬಂದು ಸೇರುತ್ತದೆ.