ಮನೆ, ಮಠ ಮತ್ತು ಮಗು

ಮಕ್ಕಳ ಏಳಿಗೆಗೆ ತಾಯಿತಂದೆಗಳೇ ಹೊಣೆಯೆಂಬುದು ಎಲ್ಲರೂ ಆಡುವ ಮಾತು. ಆದರೆ ನಾಡಿನ ವಿದ್ಯಾಭ್ಯಾಸದ ಇತಿಹಾಸವನ್ನು ಅವಲೋಕಿಸಿದಲ್ಲಿ, ಆ ಭಾರವನ್ನು ಮನೆಯೊಂದೇ ಹೊತ್ತ ಕಾಲ ಅಪರೂಪವೆಂದೇ ತೋರುತ್ತದೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹೈಸ್ಕೂಲುಗಳಿದ್ದುದು ಪಟ್ಟಣಗಳಲ್ಲಿ, ಮಕ್ಕಳಿದ್ದುದು ಹಳ್ಳಿಗಳಲ್ಲಿ. ಉಣ್ಣಲು, ಮಲಗಲು ನೆಲೆಯಿಲ್ಲದ ಬಾಲಕನಿಗೆ ಶಾಲೆಯ ಬಾಗಿಲು ತೆರೆದಿದ್ದರೂ ಮುಚ್ಚಿದಂತೆಯೇ. ಈ ಕೊರತೆಯನ್ನು ತುಂಬಿದವು ಮಠಗಳ ಉಚಿತ ಪ್ರಸಾದನಿಲಯಗಳು.

ಸಿದ್ಧಗಂಗೆಯಲ್ಲಿ ಪೂಜ್ಯ ಉದ್ದಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. 1941ರಲ್ಲಿ ಮಠದ ಹೊಣೆಯನ್ನು ಹೊತ್ತ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಹಳ್ಳಿಹಳ್ಳಿಗೆ ದಯಮಾಡಿಸಿ ಭಕ್ತರಿಂದ ದವಸಧಾನ್ಯಗಳನ್ನು ಕೂಡಿಸಿದರು. 2019ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಎಂಟು ಸಾವಿರಕ್ಕೂ ಮೀರಿದ ಮಕ್ಕಳು ಜಾತಿಮತಗಳ ಭೇದವಿಲ್ಲದೆ ಆಶ್ರಯ ಪಡೆದಿದ್ದರು. ಮೈಸೂರಿನಲ್ಲಿ ಸುತ್ತೂರು ಮಠದ ಶ್ರೀ ರಾಜೇಂದ್ರ ಮಹಾಸ್ವಾಮಿಗಳು ನಡೆಸಿದ್ದೂ ಇಂಥದೇ ಕಾಯಕ.

ಸಂಖ್ಯೆಗಿಂತ ಗಮನಾರ್ಹವಾದುದು ವ್ಯವಸ್ಥೆಯ ಸ್ವರೂಪ. ರೈತನು ಕಣದಲ್ಲಿ ರಾಶಿ ಮಾಡಿದ ರಾಗಿಯಲ್ಲಿ ಒಂದು ಪಾಲು ಮಠದ ಉಗ್ರಾಣವನ್ನು ಸೇರುತ್ತಿತ್ತು. ಅವನ ಮಗನೋ ನೆರೆಯವನ ಮಗನೋ ಅದೇ ರಾಗಿಯ ಮುದ್ದೆಯನ್ನು ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದ. ಆದುದರಿಂದ ಆ ಅನ್ನ ಬಾಲಕನಿಗೆ ದಾನವೆನಿಸಲಿಲ್ಲ, ಊರಿನ ಋಣವೆನಿಸಿತು. ಮನೆಯಿಂದ ದೂರವಾದರೂ ಅವನು ಪರದೇಶಿಯಾಗಲಿಲ್ಲ. ಮಠದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ!

ಇತರ ದೇಶಗಳಲ್ಲಿ ಈ ಕಾರ್ಯವನ್ನು ಬಹುಮಟ್ಟಿಗೆ ಸರ್ಕಾರವೇ ಕೈಗೊಂಡಿತು. ಬೋಯರ್ ಯುದ್ಧಕ್ಕೆ ಸೇರಬಂದ ಯುವಕರಲ್ಲಿ ಅನೇಕರು ದುರ್ಬಲರೆಂದು ಕಂಡು ಎಚ್ಚೆತ್ತ ಇಂಗ್ಲೆಂಡ್, 1906ರಲ್ಲಿ ಶಾಲಾಮಕ್ಕಳ ಊಟಕ್ಕೆ ಶಾಸನವನ್ನು ಮಾಡಿತು. ಅಲ್ಲಿ ಪ್ರೇರಣೆ ಸೈನ್ಯದ ಚಿಂತೆ, ಇಲ್ಲಿ ದಾಸೋಹ. ನಮ್ಮ ಸರ್ಕಾರ 2002ರಲ್ಲಿ ಬಿಸಿಯೂಟವನ್ನು ಆರಂಭಿಸಿದಾಗ ‘ಅಕ್ಷರ ದಾಸೋಹ’ವೆಂದು ಶರಣರ ಮಾತನ್ನೇ ಹೆಸರಾಗಿ ಆರಿಸಿಕೊಂಡದ್ದು ಉಚಿತವೇ ಆಯಿತು. ಮೊದಲು ಅದು ಬಂದುದು ರಾಯಚೂರು, ಗುಲ್ಬರ್ಗ ಮೊದಲಾದ ಉತ್ತರದ ಏಳು ಜಿಲ್ಲೆಗಳಿಗೆ.

ಆ ಸೀಮೆಯ ಕುಟುಂಬಗಳೇ ಇಂದು ಕೂಲಿಯನ್ನರಸಿ ಬೆಂಗಳೂರಿನ ಹೊರವಲಯದ ವರ್ತೂರಿನಂತಹ ಊರುಗಳಿಗೆ ಬರುತ್ತಿವೆ. ಹಿಂದೆ ಕೆರೆಯ ನೀರನ್ನು ನಂಬಿ ಬೆಳೆ ತೆಗೆದ ಆ ಊರಿನ ಸುತ್ತ ಈಗ ಬಹುಮಹಡಿ ಕಟ್ಟಡಗಳೆದ್ದಿವೆ. ಅವುಗಳನ್ನು ಕಟ್ಟುವವರ ಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟವೇನೋ ಉಂಟು. ಆದರೆ ಕಟ್ಟಡ ಮುಗಿದೊಡನೆ ಶೆಡ್ಡು ಬೇರೆಡೆಗೆ ಸಾಗುತ್ತದೆ. ವರ್ಷದ ನಡುವೆ ಶಾಲೆ ತಪ್ಪುತ್ತದೆ. ಅಜ್ಜಿ ಊರಿನಲ್ಲಿ, ತಾಯಿ ಗಾರೆಯ ಕೆಲಸದಲ್ಲಿ. ಪ್ರಸಾದನಿಲಯದಲ್ಲಿ ಪ್ರಾರ್ಥನೆಯೂ ಓದೂ ನಡೆಯುವ ಆ ಸಂಜೆಯ ವೇಳೆಯಲ್ಲಿ, ‘ನೀನು ಯಾರ ಮಗನಪ್ಪಾ, ಊಟವಾಯಿತೇ’ ಎಂದು ಕೇಳುವವರು ಆ ಮಗುವಿಗಿಲ್ಲ.

ಮಠದ ಅನ್ನವನ್ನುಂಡು ಓದಿ, ಆ ಭಾಗದಲ್ಲಿಯೇ ಉದ್ಯೋಗಸ್ಥರಾಗಿ ನೆಲೆಸಿದ ನಮ್ಮವರು ಇರದಿರಲಾರರು. ಸಂಜೆಯ ಪಾಠಕ್ಕೊಂದು ಕೋಣೆ, ನಡುವರ್ಷದಲ್ಲಿ ಬಂದ ಮಗುವನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗುವ ಒಬ್ಬ ಹಿರಿಯ: ಇಷ್ಟಕ್ಕೆ ದೊಡ್ಡ ಸಂಸ್ಥೆಯೇನೂ ಬೇಕಿಲ್ಲ.