ತಕ್ಕಡಿ ತೋರಿಸದ ಭೇದ: ದ್ರವ್ಯರಾಶಿ ಎಂಬ ಪರಿಕಲ್ಪನೆಯ ಚರಿತ್ರೆ

ನ್ಯೂಟನ್ 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದ ಮೊದಲ ವ್ಯಾಖ್ಯೆಯೇ ದ್ರವ್ಯರಾಶಿಯದು. ಒಂದು ಕಾಯದಲ್ಲಿರುವ ದ್ರವ್ಯದ ಪರಿಮಾಣ ಅದರ ಸಾಂದ್ರತೆ ಮತ್ತು ಗಾತ್ರಗಳಿಂದ ತಿಳಿಯುತ್ತದೆ ಎಂಬುದು ಅದರ ಸಾರ. ಈ ವ್ಯಾಖ್ಯೆಗೆ ಬಂದ ಆಕ್ಷೇಪವೂ ಅಷ್ಟೇ ಪ್ರಸಿದ್ಧ. ಸಾಂದ್ರತೆಯನ್ನು ಹೇಳಬೇಕಾದರೆ ದ್ರವ್ಯರಾಶಿ ಮೊದಲೇ ಗೊತ್ತಿರಬೇಕಲ್ಲ ಎಂದು 1883ರ ತನ್ನ ಗ್ರಂಥದಲ್ಲಿ ಎರ್ನ್ಸ್ಟ್ ಮಾಖ್ ಕೇಳಿದ. ಎರಡು ಕಾಯಗಳು ಪರಸ್ಪರ ಉಂಟುಮಾಡುವ ವೇಗೋತ್ಕರ್ಷಗಳ ಅನುಪಾತದಿಂದಲೇ ದ್ರವ್ಯರಾಶಿಯನ್ನು ನಿರೂಪಿಸಬೇಕೆಂದ.

ಮಾಖ್‌ನ ತರ್ಕದಲ್ಲಿ ದೋಷವಿಲ್ಲ. ಆದರೆ ಚರಿತ್ರೆಯನ್ನು ಅಲ್ಲಿಂದ ಬರೆಯಲು ಹೊರಟರೆ ನ್ಯೂಟನ್‌ನ ನಿಜವಾದ ಸಾಧನೆ ಕಣ್ಣಿಗೆ ಬೀಳುವುದಿಲ್ಲ. ಅದೇ ವ್ಯಾಖ್ಯೆಯ ವಿವರಣೆಯ ಕೊನೆಯಲ್ಲಿ, ದ್ರವ್ಯರಾಶಿಯು ತೂಕಕ್ಕೆ ಅನುಪಾತದಲ್ಲಿರುವುದನ್ನು ಲೋಲಕಗಳ ಪ್ರಯೋಗದಿಂದ ಕಂಡುಕೊಂಡಿರುವುದಾಗಿ ಅವನು ಬರೆದಿದ್ದಾನೆ. ದ್ರವ್ಯರಾಶಿ ಎಂಬ ಪರಿಕಲ್ಪನೆ ನೆಲೆಯೂರಿದ್ದು ಆ ಪ್ರಯೋಗದ ಬಲದಿಂದ ಎಂಬುದು ನನ್ನ ವಾದ.

ತೂಕ ಬೇರೆ, ದ್ರವ್ಯರಾಶಿ ಬೇರೆ ಎಂಬ ಶಂಕೆ ಸಾವಿರಾರು ವರ್ಷ ಬಹುತೇಕ ಯಾರಿಗೂ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ತಕ್ಕಡಿಯ ಒಂದು ತಟ್ಟೆಯಲ್ಲಿ ಸರಕು, ಇನ್ನೊಂದರಲ್ಲಿ ತೂಕದ ಕಲ್ಲು. ಗುರುತ್ವ ಕಡಿಮೆ ಇರುವ ಊರಿಗೆ ಹೋದರೆ ಎರಡೂ ಒಂದೇ ಪ್ರಮಾಣದಲ್ಲಿ ಹಗುರಾಗುತ್ತವೆ, ದಂಡ ಅಲುಗುವುದಿಲ್ಲ. ಎಷ್ಟೇ ನಾಜೂಕಾದ ತಕ್ಕಡಿಯೂ ಈ ಭೇದವನ್ನು ತೋರಿಸಲಾರದು. ಅದನ್ನು ತೋರಿಸಿಕೊಟ್ಟದ್ದು ಗಡಿಯಾರ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1672ರಲ್ಲಿ ಜಾನ್ ರಿಷೆಯನ್ನು ಭೂಮಧ್ಯರೇಖೆಗೆ ಹತ್ತಿರವಿರುವ ದಕ್ಷಿಣ ಅಮೆರಿಕದ ಕಯೆನ್ನಿಗೆ ಕಳಿಸಿತು. ಅವನ ಮುಖ್ಯ ಕೆಲಸ ಮಂಗಳ ಗ್ರಹದ ವೀಕ್ಷಣೆ. ಆದರೆ ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸೆಕೆಂಡಿಗೆ ಸರಿಹೊಂದಿಸಲು ಒಂದು ಮೀಟರಿಗೆ ತುಸು ಕಡಿಮೆ ಉದ್ದದ ಲೋಲಕವನ್ನು ಸುಮಾರು 2.8 ಮಿಲಿಮೀಟರಿನಷ್ಟು ಗಿಡ್ಡ ಮಾಡಬೇಕಾಯಿತು. ಲೋಲಕದ ಗುಂಡಿನಲ್ಲಿರುವ ದ್ರವ್ಯ ಹಡಗಿನಲ್ಲಿ ಎಲ್ಲಿಯೂ ಸೋರಿಹೋಗಿರಲಿಲ್ಲ. ಬದಲಾಗಿದ್ದು ಭೂಮಿಯ ಸೆಳೆತ. ‘ಪ್ರಿನ್ಸಿಪಿಯಾ’ದ ಮೂರನೆಯ ಭಾಗದಲ್ಲಿ ನ್ಯೂಟನ್ ಈ ವೀಕ್ಷಣೆಯನ್ನು ಹೆಸರಿಸಿಯೇ ಚರ್ಚಿಸುತ್ತಾನೆ.

ಲೋಲಕದ ಪ್ರಯೋಗದ ವಿವರವಿರುವುದೂ ಅದೇ ಭಾಗದಲ್ಲಿ. ಒಂದೇ ಅಳತೆಯ ಎರಡು ಮರದ ಪೆಟ್ಟಿಗೆಗಳನ್ನು 11 ಅಡಿ ಉದ್ದದ ದಾರಗಳಲ್ಲಿ ತೂಗಿಬಿಟ್ಟು, ಒಂದರೊಳಗೆ ಮರವನ್ನೂ ಇನ್ನೊಂದರೊಳಗೆ ಅದೇ ತೂಕದ ಚಿನ್ನವನ್ನೂ ಇಟ್ಟ. ಪೆಟ್ಟಿಗೆಗಳು ಸಮನಾಗಿದ್ದುದರಿಂದ ಗಾಳಿಯ ತಡೆಯೂ ಸಮನಾಗಿತ್ತು. ಬಹಳ ಹೊತ್ತು ಎರಡೂ ಜೊತೆಜೊತೆಯಾಗಿ ತೂಗಿದವು. ಬೆಳ್ಳಿ, ಸೀಸ, ಗಾಜು, ಮರಳು, ಅಡುಗೆ ಉಪ್ಪು, ನೀರು, ಗೋಧಿ ಎಲ್ಲವನ್ನೂ ಹೀಗೆಯೇ ಪರೀಕ್ಷಿಸಿದ. ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸವಿದ್ದರೂ ತಿಳಿಯುತ್ತಿತ್ತು ಎಂಬುದು ಅವನ ಅಂದಾಜು. ಚಲನೆಗೆ ಒಡ್ಡುವ ಜಡತ್ವ ಮತ್ತು ಗುರುತ್ವಕ್ಕೆ ಓಗೊಡುವ ಗುಣ ಇವೆರಡೂ ಒಂದೇ ಅನುಪಾತದಲ್ಲಿ ಇರಲೇಬೇಕೆಂಬ ತಾರ್ಕಿಕ ನಿರ್ಬಂಧ ಅವನ ಯಂತ್ರಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ಇರುವುದನ್ನು ಅವನು ಅಳೆದು ತಿಳಿದ. ಗೋಧಿಯನ್ನೂ ಚಿನ್ನವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಈ ಪ್ರಯೋಗಕ್ಕೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟವಾದರೂ ಸಲ್ಲಬೇಕು.

ನ್ಯೂಟನ್ ಅಳೆದ ಈ ಸಮಾನತೆಯನ್ನು ಮುಂದೆ ಇನ್ನಷ್ಟು ಸೂಕ್ಷ್ಮವಾಗಿ ಪರೀಕ್ಷಿಸಲು ಬುಡಾಪೆಸ್ಟಿನ ಲೊರಾಂಡ್ ಅಯೊತ್ವೊಶ್ ಸಣ್ಣ ತಂತಿಯಲ್ಲಿ ಅಡ್ಡದಂಡವೊಂದನ್ನು ತೂಗಿಬಿಟ್ಟು, ಅದರ ಎರಡು ತುದಿಗಳಿಗೆ ಬೇರೆ ಬೇರೆ ವಸ್ತುಗಳನ್ನು ಕಟ್ಟಿದ. ಗುರುತ್ವ ಭೂಮಿಯ ಕೇಂದ್ರದ ಕಡೆಗೆ ಎಳೆಯುತ್ತದೆ. ಭೂಮಿಯ ಆವರ್ತನೆಯಿಂದ ಹುಟ್ಟುವ ಹೊರದೂಡಿಕೆ ಜಡತ್ವವನ್ನು ಅವಲಂಬಿಸಿದೆ. ಎರಡು ವಸ್ತುಗಳಲ್ಲಿ ಇವುಗಳ ಅನುಪಾತ ಬೇರೆಯಾಗಿದ್ದರೆ ತಂತಿ ತಿರುಚಿಕೊಳ್ಳಬೇಕಿತ್ತು. ಎರಡು ಕೋಟಿಯಲ್ಲಿ ಒಂದು ಪಾಲಿನ ಸೂಕ್ಷ್ಮತೆಯಲ್ಲೂ ತಿರುಚು ಕಾಣಲಿಲ್ಲ ಎಂದು 1890ರ ಹೊತ್ತಿಗೆ ಅವನು ವರದಿ ಮಾಡಿದ್ದ. ಐನ್‌ಸ್ಟೈನ್ 1907ರಲ್ಲಿ, ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿದ್ದಾಗ, ಈ ಸಮಾನತೆಯನ್ನು ಆಕಸ್ಮಿಕವೆಂದು ಬಿಡದೆ ನಿಸರ್ಗದ ತತ್ತ್ವವೆಂದೇ ಹಿಡಿದ. 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ನಿಂತಿರುವುದು ಅದರ ಮೇಲೆ. 2016ರಲ್ಲಿ ಹಾರಿದ ಫ್ರಾನ್ಸಿನ ಮೈಕ್ರೋಸ್ಕೋಪ್ ಉಪಗ್ರಹ ಟೈಟಾನಿಯಂ ಮತ್ತು ಪ್ಲಾಟಿನಂಗಳನ್ನು ಹೋಲಿಸಿತು. 2022ರಲ್ಲಿ ಬಂದ ಅದರ ಅಂತಿಮ ಫಲಿತಾಂಶ, 1 ಪದ್ಮದಲ್ಲಿ (10ರ 15ನೆಯ ಘಾತ) ಕೆಲವೇ ಪಾಲಿನ ಮಟ್ಟದವರೆಗೂ ವ್ಯತ್ಯಾಸವಿಲ್ಲವೆಂದು ತೋರಿಸಿತು.

ಅಳತೆಯ ಮಾನಕ್ಕೆ ಸಂಬಂಧಿಸಿದಂತೆ ಗೊಂದಲ ಮಾತ್ರ ಬಹುಕಾಲ ಉಳಿಯಿತು. 1889ರಲ್ಲಿ ಪ್ಲಾಟಿನಂ-ಇರಿಡಿಯಂ ಸಿಲಿಂಡರೊಂದನ್ನು ಕಿಲೋಗ್ರಾಂ ಎಂದು ಅಂಗೀಕರಿಸಿ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಇಟ್ಟರು. ಅದರ 57ನೆಯ ಸಂಖ್ಯೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಕಿಲೋಗ್ರಾಂ ದ್ರವ್ಯರಾಶಿಯ ಮಾನ, ತೂಕವೆಂಬುದು ಒಂದು ಬಲ ಎಂದು ಅಳತೆ ಮತ್ತು ತೂಕಗಳ ಮಹಾಸಮ್ಮೇಳನ ಸ್ಪಷ್ಟಪಡಿಸಿದ್ದು 1901ರಲ್ಲಿ, ನ್ಯೂಟನ್‌ನ ಗ್ರಂಥ ಬಂದು 214 ವರ್ಷಗಳಾದ ಮೇಲೆ. 2019ರ ಮೇ 20ರಿಂದ ಆ ಸಿಲಿಂಡರಿನ ಅಧಿಕಾರವೂ ಮುಗಿದು, ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕದ ನಿಗದಿತ ಬೆಲೆಗೆ ಸೇರಿಕೊಂಡಿದೆ. ಇದನ್ನು ಸಾಧಿಸುವ ಉಪಕರಣಗಳಲ್ಲೊಂದಾದ ಕಿಬಲ್ ತಕ್ಕಡಿಯಲ್ಲಿ ಎದುರಿನ ಕಲ್ಲಿಲ್ಲ. ವಸ್ತುವಿನ ತೂಕವನ್ನು ಅಲ್ಲಿ ವಿದ್ಯುತ್ಕಾಂತೀಯ ಬಲ ಸರಿದೂಗಿಸುತ್ತದೆ. ಆದ್ದರಿಂದ ಅಂಥ ಪ್ರಯೋಗಾಲಯಗಳಲ್ಲಿ ದ್ರವ್ಯರಾಶಿಯನ್ನು ಹೇಳುವ ಮುನ್ನ ಆ ಕೋಣೆಯ ಗುರುತ್ವ ವೇಗೋತ್ಕರ್ಷವನ್ನು ಪ್ರತ್ಯೇಕವಾಗಿ ಅಳೆದುಕೊಳ್ಳುತ್ತಾರೆ.